ಒಂದು ದಿನ ಹಿಂದೆ ಉಳಿದ ನಲವತ್ತು ಫಾರಂಗಳು

ಮೊದಲೇ ಹೇಳಿಬಿಡುತ್ತೇನೆ. ಆ ನಲವತ್ತು ಫಾರಂಗಳನ್ನು ತುಂಬಿಸಿದವನು ನಾನು. ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, ಊಟ ಮಾಡಿ, ಕೋಣೆಯ ಕಿಟಕಿಯ ಬಳಿ ಕುಳಿತು ಶುರು ಮಾಡಿದೆ. ಶನಿವಾರ ಇಳಿಹೊತ್ತಿನ ಅಸರ್ ಬಾಂಗ್ ಕೇಳುವ ಹೊತ್ತಿಗೆ ಕೊನೆಯ ಫಾರಮ್ಮಿಗೆ ಸೀಲು ಒತ್ತಿದೆ. ಒತ್ತುವಾಗ ನನಗೆ ನಾಚಿಕೆಯಾಗಲಿಲ್ಲ, ಭಯವಾಗಲಿಲ್ಲ. ಖುಷಿಯಾಯಿತು. ಈಗ ನೆನೆದರೆ ಮಾಡಿದ ತಪ್ಪಿಗಿಂತ ಆ ಖುಷಿಯೇ ಹೆಚ್ಚು ಚುಚ್ಚುತ್ತದೆ.

ಸೌದಿಯ ಬೆಟ್ಟದ ಊರು ಖಮೀಸ್ ಮುಶೈತಿನ ಒಂದು ಖಾಸಗಿ ನರ್ಸಿಂಗ್ ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತ. ಬಂಟ್ವಾಳ ಕಡೆಯ ಬ್ಯಾರಿ. ಓದಿದ್ದು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ. ಟೈಪಿಂಗ್ ಕಲಿತು ಇಲ್ಲಿಗೆ ಬಂದವನು ಫೈಲುಗಳ ನಡುವೆಯೇ ಮುದುಕನಾದೆ. ಡಾಕ್ಟರೇಟ್ ಮಾಡಿದವರೆಲ್ಲ ಓಡಾಡುವ ಜಾಗದಲ್ಲಿ ನನ್ನಂಥವನನ್ನು ಯಾರು ಗಮನಿಸುತ್ತಾರೆ? ಆದರೆ ಕೆಲವು ವರ್ಷಗಳಿಗೊಮ್ಮೆ ನನ್ನ ಬೆಲೆ ಇದ್ದಕ್ಕಿದ್ದಂತೆ ಏರಿಬಿಡುತ್ತದೆ. ಮಾನ್ಯತೆಗಾಗಿ ಹೊರಗಿನಿಂದ ಮೌಲ್ಯಮಾಪನದ ತಂಡ ಬರುವ ವರ್ಷ ಅದು.

ಕೆಲಸ ಹೀಗಿರುತ್ತದೆ. ಕಾಲೇಜು ತನ್ನ ಬಗ್ಗೆ ತಾನೇ ಒಂದು ದಪ್ಪ ವರದಿ ಬರೆಯಬೇಕು. ಅದರಲ್ಲಿ ಹೇಳಿದ ಒಂದೊಂದು ಮಾತಿಗೂ ಪುರಾವೆ ಇಡಬೇಕು. ಪಾಠ ಚೆನ್ನಾಗಿ ನಡೆಯುತ್ತದೆ ಎಂದರೆ ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ, ಅದನ್ನು ಎರಡನೆಯವರು ನೋಡಿದ ಗುರುತು. ಸಭೆ ಸೇರುತ್ತೇವೆ ಎಂದರೆ ಸಭೆಯ ನಡವಳಿ. ಆಮೇಲೆ ಬೇರೆ ಕಡೆಯ ಮೂರು ಜನ ಪ್ರೊಫೆಸರುಗಳು ಬಂದು ಮೂರು ದಿನ ಕುಳಿತು, ಕಾಗದ ಹೇಳುವುದೂ ಜನ ಹೇಳುವುದೂ ಒಂದೇ ಹೌದೋ ಎಂದು ನೋಡುತ್ತಾರೆ. ಹುಡುಗಿಯರ ವಿಭಾಗಕ್ಕೂ ನಮ್ಮ ಆಫೀಸಿಗೂ ನಡುವೆ ಇರುವ ಗ್ರಂಥಾಲಯವನ್ನು ಪುರಾವೆಗಳ ಕೋಣೆ ಮಾಡಿ ಅದರ ಬೀಗದ ಕೈಯನ್ನು ನನಗೆ ಕೊಟ್ಟರು. ಹಸಿರು, ನೀಲಿ, ಹಳದಿ ಬೆನ್ನಿನ ಫೈಲುಗಳನ್ನು ಸಾಲಾಗಿ ನಿಲ್ಲಿಸಿ, ನಂಬರು ಅಂಟಿಸಿ, ದೂರ ನಿಂತು ನೋಡಿದರೆ ಎದೆ ಉಬ್ಬುತ್ತಿತ್ತು. ಡೀನ್ ಸಾಹೇಬರು ದಿನಕ್ಕೆ ಎರಡು ಸಲ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಮೊಣಕಾಲು ನೋವು ಕೂಡ ಮರೆತುಹೋಗಿತ್ತು.

ತಂಡ ಬರಲು ಎರಡು ತಿಂಗಳಿರುವಾಗ ಪುರಾವೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಬೇಕಿತ್ತು. ಗುಣಮಟ್ಟ ವಿಭಾಗದ ಮುಖ್ಯಸ್ಥರು ಸುಡಾನಿನವರು. ನಾವೆಲ್ಲ ಅವರನ್ನು ಅರಬರ ಹಾಗೆ ಡಾಕ್ಟರಿಗೆ ದಕ್ತೂರ್ ಎಂದೇ ಕರೆಯುವುದು. ಒಂದು ಗುರುವಾರ ಮಧ್ಯಾಹ್ನ ಅವರು ಪಟ್ಟಿ ಹಿಡಿದು ಬಂದರು.

"ಹಾಜಿ, ನಿಮ್ಮ ಊರಿನ ಸಿಸ್ಟರ್ ಫೈಲಿನಲ್ಲಿ ಸಲಹೆ ಫಾರಂ ಒಂದೂ ತುಂಬಿಲ್ಲ. ಭಾನುವಾರ ಕಳಿಸಬೇಕು. ಖಾಲಿ ಹೋಗಬಾರದು."

ಹೇಳಿದ್ದು ಅಷ್ಟೇ. ಖಾಲಿ ಹೋಗಬಾರದು. ಸುಳ್ಳು ಬರೆ ಎಂದು ಅವರು ಹೇಳಲಿಲ್ಲ. ಮುಂದಿನದೆಲ್ಲ ನನ್ನ ತಲೆಯಿಂದಲೇ ಬಂದದ್ದು.

ಸಿಸ್ಟರ್ ಎಂದರೆ ಉಡುಪಿಯವರು. ಹುಡುಗಿಯರ ವಿಭಾಗದಲ್ಲಿ ಪ್ರಾಯೋಗಿಕ ತರಗತಿ ತೆಗೆದುಕೊಳ್ಳುವ ಹಿರಿಯ ನರ್ಸ್. ಇಪ್ಪತ್ತು ಹುಡುಗಿಯರಿಗೆ ಅವರು ಸಲಹೆಗಾರರು. ಒಬ್ಬೊಬ್ಬಳನ್ನೂ ವರ್ಷಕ್ಕೆ ಎರಡು ಬಾರಿ ಕೂರಿಸಿಕೊಂಡು ಓದು, ಹಾಜರಿ, ಮನೆಯ ಕಷ್ಟ ಎಲ್ಲ ಕೇಳಿ ಫಾರಮ್ಮಿನಲ್ಲಿ ಬರೆಯಬೇಕು. ಸಿಸ್ಟರ್ ಕೇಳುತ್ತಿದ್ದರು, ಬರೆಯುತ್ತಿರಲಿಲ್ಲ. "ಮಾತಾಡುವಾಗ ಪೆನ್ನು ಹಿಡಿದ್ರೆ ಆ ಮಕ್ಕಳು ಬಾಯಿ ಬಿಡುದಿಲ್ಲ ಬ್ಯಾರಿಗಳೇ" ಎನ್ನುತ್ತಿದ್ದರು. ಆಗ ಅವರು ಹದಿನೈದು ದಿನದ ರಜೆಯಲ್ಲಿ ಊರಿಗೆ ಹೋಗಿದ್ದರು. ಹೋಗುವ ಮುಂಚೆ ತಮ್ಮ ಸೀಲನ್ನು ನನ್ನ ಡ್ರಾಯರಿನಲ್ಲಿ ಇಟ್ಟಿದ್ದರು.

"ಹುಡುಗಿಯರ ರಜಾ ಚೀಟಿಗೆ ಬೇಕಾದ್ರೆ ಒತ್ತಿ. ಬೇರೆ ಎಂತಕ್ಕೂ ಒತ್ತಬೇಡಿ ಆಯ್ತಾ? ನನ್ನ ಲೈಸೆನ್ಸ್ ನಂಬರ್ ಉಂಟು ಅದರಲ್ಲಿ."

"ನನ್ನ ಕೈಯಲ್ಲಿ ಕೊಟ್ಟದ್ದು ಬ್ಯಾಂಕಿನಲ್ಲಿ ಇಟ್ಟ ಹಾಗೆ ಸಿಸ್ಟರ್" ಎಂದು ನಾನು ಹೇಳಿದ್ದೆ.

ಆ ಬ್ಯಾಂಕು ಶುಕ್ರವಾರ ಬಾಗಿಲು ತೆರೆಯಿತು. ಸೀಲನ್ನೂ ನಲವತ್ತು ಖಾಲಿ ಫಾರಂಗಳನ್ನೂ ಗುರುವಾರ ಸಂಜೆಯೇ ಚೀಲದಲ್ಲಿ ಹಾಕಿ ನಾನು ವಾಸವಿರುವ ಕೋಣೆಗೆ ತಂದಿದ್ದೆ. ನೀಲಿ ಪೆನ್ನಿನಲ್ಲಿ ಎಂಟು, ಕಪ್ಪಿನಲ್ಲಿ ಆರು, ಮತ್ತೆ ನೀಲಿ. ಒಂದೆರಡು ಕಡೆ ಬರೆದದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ತಿದ್ದಿದೆ. ಕೆಲವು ಮೂಲೆಗಳನ್ನು ಮಡಿಸಿದೆ. ಎರಡಕ್ಕೆ ಚಹಾದ ಲೋಟದ ಉರುಟು ಕಲೆಯನ್ನೂ ಕೊಟ್ಟೆ. 'ಹಾಜರಿ ತೃಪ್ತಿಕರ.' 'ಔಷಧಿ ಲೆಕ್ಕದಲ್ಲಿ ಇನ್ನೂ ಅಭ್ಯಾಸ ಬೇಕು.' 'ಪ್ರಗತಿ ಉತ್ತಮ, ಸಮಸ್ಯೆ ಇಲ್ಲ.' ಹೀಗೆ ಐದಾರು ವಾಕ್ಯಗಳನ್ನು ತಿರುಗಿಸಿ ತಿರುಗಿಸಿ ಬರೆದೆ. ಬಡಗಿ ಹೊಸ ಮರಕ್ಕೆ ಹಳೆಯ ಬಣ್ಣ ಕೊಟ್ಟು ತಾನೇ ಮೆಚ್ಚಿಕೊಳ್ಳುವ ಹಾಗೆ ನಾನು ಒಂದೊಂದನ್ನೂ ದೂರ ಹಿಡಿದು ನೋಡಿ ಮೆಚ್ಚಿಕೊಂಡೆ. ಸಿಸ್ಟರ್ ನಿಜವಾಗಿ ಮಾತನಾಡಿದ್ದಾರಲ್ಲ, ಇದು ಸುಳ್ಳು ಹೇಗಾಗುತ್ತದೆ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ.

ಪ್ರತಿ ಫಾರಮ್ಮಿನಲ್ಲಿ ತಾರೀಕಿಗೆ ಎರಡು ಚೌಕ. ಒಂದು ಇಂಗ್ಲಿಷ್ ತಾರೀಕಿಗೆ, ಇನ್ನೊಂದು ಚಂದ್ರನ ಲೆಕ್ಕದ ಹಿಜರಿಗೆ. ಎದುರಿನ ಗೋಡೆಯಲ್ಲಿ ಊರಿನಿಂದ ಪ್ರತಿ ವರ್ಷ ತರಿಸುವ ಮಂಗಳೂರಿನ ಕ್ಯಾಲೆಂಡರ್ ತೂಗುತ್ತಿತ್ತು. ದೊಡ್ಡ ಇಂಗ್ಲಿಷ್ ಅಂಕಿ, ಕೆಳಗೆ ಸಣ್ಣದಾಗಿ ಹಿಜರಿ. ಕತ್ತು ಎತ್ತಿದರೆ ಸಾಕು, ಎರಡೂ ಸಿಗುತ್ತಿದ್ದವು.

ಸಿಸ್ಟರ್ ಊರಿನಿಂದ ಬಂದ ಮೇಲೆ ಕೇಳಿದರು. "ನನ್ನ ಫಾರಂ ಬಾಕಿ ಉಂಟಲ್ಲ ಬ್ಯಾರಿಗಳೇ, ಎಂತ ಮಾಡುದು?"

"ಆಫೀಸಿನಿಂದಲೇ ಎಲ್ಲ ಸರಿಮಾಡಿ ಕಳಿಸಿದ್ದೇವೆ. ನೀವು ಚಿಂತೆ ಮಾಡಬೇಡಿ."

"ನಿಮಗೆ ಪುಣ್ಯ ಬರಲಿ ಮಾರಾಯ್ರೇ!" ಎಂದು ಅವರು ಹಲಸಿನ ಹಪ್ಪಳದ ಕಟ್ಟು ಕೊಟ್ಟು ಹೋದರು. ಅದನ್ನೂ ನಾನು ಕರಿದು ತಿಂದೆ.

ತಂಡ ಬಂದ ದಿನ ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ. ಬೆಳಗಿನ ಮಂಜು ಇನ್ನೂ ಗೇಟಿನ ಮೇಲೆ ಕುಳಿತಿತ್ತು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿ, ಅರಬಿ ಕಾಫಿ ಖಹ್ವಾದ ಫ್ಲಾಸ್ಕು ತುಂಬಿಸಿ, ಆರೂವರೆಗೇ ಕೋಣೆ ತೆರೆದು ಕುಳಿತಿದ್ದೆ. ಮೂವರಲ್ಲಿ ಅಧ್ಯಕ್ಷರು ಬಿಳಿ ಗಡ್ಡದ ಗಂಭೀರ ಮನುಷ್ಯ. ಎರಡನೆಯವರು ಯಾವಾಗಲೂ ಲ್ಯಾಪ್‌ಟಾಪಿನ ಒಳಗೇ. ಮೂರನೆಯವರು ನೆರೆಯ ಒಂದು ಪುಟ್ಟ ದ್ವೀಪ ದೇಶದ ಪ್ರೊಫೆಸರಮ್ಮ. ಅವರು ಬಂದವರೇ ಫೈಲು ಮುಟ್ಟಲಿಲ್ಲ. ಕುರ್ಚಿ ಎಳೆದು ನನ್ನ ಎದುರು ಕುಳಿತು, ಅರ್ಧ ಅರಬಿ ಅರ್ಧ ಇಂಗ್ಲಿಷಿನಲ್ಲಿ ಮಾತಿಗೆ ಎಳೆದರು.

"ಇಷ್ಟು ದೂರ ಬಂದು ನಮ್ಮ ಕಾಗದ ನೋಡಲು ನಿಮಗೆ ಬೇಜಾರಾಗುವುದಿಲ್ಲವೇ?" ಎಂದು ನಾನೇ ಧೈರ್ಯ ಮಾಡಿ ಕೇಳಿದೆ.

ಅವರು ನಕ್ಕರು. "ನಮ್ಮ ದೇಶ ಎಷ್ಟು ಸಣ್ಣದು ಗೊತ್ತೇ, ಹಾಜಿ? ನರ್ಸಿಂಗ್ ಕಲಿಸುವ ಕಾಲೇಜುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಮೌಲ್ಯಮಾಪನಕ್ಕೆ ಹೋದರೆ ಎದುರು ಕುಳಿತವಳು ನನ್ನ ನಾದಿನಿ. ಪಕ್ಕದಲ್ಲಿರುವವನು ನನ್ನ ಹಳೆಯ ವಿದ್ಯಾರ್ಥಿ. ಬಾಗಿಲು ತೆರೆದವನು ನೆರೆಮನೆಯವನು. ಯಾರ ಬಗ್ಗೆ ಏನು ಬರೆಯಲಿ? ಬರೆದರೆ ಈದ್ ಹಬ್ಬದ ದಿನ ಯಾರ ಮನೆಯಲ್ಲಿ ಊಟ ಮಾಡಲಿ? ಅದಕ್ಕೇ ನಮ್ಮ ಕಾಲೇಜಿಗೆ ಹೊರದೇಶದವರನ್ನು ಕರೆಸುತ್ತೇವೆ. ನಾವು ಬೇರೆ ದೇಶಕ್ಕೆ ಹೋಗುತ್ತೇವೆ. ಒಳಗಿನವರು ಒಬ್ಬರನ್ನೊಬ್ಬರು ಕಾಪಾಡುತ್ತಾರೆ. ಅದು ದುಷ್ಟತನ ಏನಲ್ಲ, ಸಂಬಂಧ."

"ನಮ್ಮ ಊರಿನ ಕಡೆಯವರೂ ಇಲ್ಲಿ ಹಾಗೆಯೇ" ಎಂದೆ. ನಾವಿಬ್ಬರೂ ನಕ್ಕೆವು. ಆ ಮಾತು ಮರುದಿನ ನನ್ನ ಕುತ್ತಿಗೆಗೇ ಬಂದು ಸುತ್ತಿಕೊಳ್ಳುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲ ದಿನ ಅದ್ಭುತವಾಗಿ ನಡೆಯಿತು. ಅಧ್ಯಕ್ಷರು ನಂಬರು ಹೇಳುವುದು, ನಾನು ಎರಡು ನಿಮಿಷದೊಳಗೆ ಫೈಲು ತೆಗೆದು ಅದೇ ಪುಟ ಬಿಚ್ಚಿ ಇಡುವುದು. ಒಮ್ಮೆ ಅವರು ಗಡಿಯಾರ ನೋಡಿ ಹುಬ್ಬೇರಿಸಿದರು. ದಕ್ತೂರ್ ಬಾಗಿಲ ಬಳಿಯಿಂದ ನನಗೆ ಹೆಬ್ಬೆರಳು ತೋರಿಸಿದರು.

ಸೋಮವಾರ ಬೆಳಿಗ್ಗೆ ಪ್ರೊಫೆಸರಮ್ಮ ಹುಡುಗಿಯರನ್ನು ಮಾತನಾಡಿಸಿ ಬಂದರು. ಮುಖ ಅರಳಿತ್ತು. "ಉಡುಪಿ ಸಿಸ್ಟರ್ ಬಗ್ಗೆ ಹುಡುಗಿಯರು ಬಾಯಿ ತುಂಬ ಹೇಳುತ್ತಾರೆ. ಅವರ ಸಲಹೆ ಫೈಲು ಕೊಡಿ, ಹಾಜಿ."

ಕೊಟ್ಟೆ. ನನ್ನ ಕೈಕೆಲಸವನ್ನು ಒಬ್ಬರು ಬಲ್ಲವರು ನೋಡುತ್ತಿದ್ದಾರೆ ಎಂಬ ಪುಳಕ ಕೂಡ ಇತ್ತು, ಸುಳ್ಳು ಹೇಳುವುದಿಲ್ಲ. ಅವರು ನಾಲ್ಕೈದು ಪುಟ ತಿರುವಿದರು. ನಿಂತರು. ಮತ್ತೆ ಹಿಂದಕ್ಕೆ ಹೋದರು.

"ಇನ್ನೊಬ್ಬ ಶಿಕ್ಷಕಿಯ ಫೈಲು ಕೊಡಿ. ಯಾರದ್ದಾದರೂ ಆದೀತು."

ಎರಡು ಫಾರಂಗಳನ್ನು ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಒಂದೇ ಇಂಗ್ಲಿಷ್ ತಾರೀಕು. ಹಿಜರಿ ಚೌಕದಲ್ಲಿ ಆ ಶಿಕ್ಷಕಿಯದ್ದು ಹದಿನೈದು, ಸಿಸ್ಟರದ್ದು ಹದಿನಾಲ್ಕು. ಇನ್ನೊಂದು ಜೋಡಿ ಇಟ್ಟರು. ಇಪ್ಪತ್ತೆರಡು, ಇಪ್ಪತ್ತೊಂದು. ಮೂರನೆಯ ಜೋಡಿ. ಫೋನು ತೆಗೆದು ಉಳಿದ ತಾರೀಕುಗಳನ್ನೂ ಒಂದೊಂದಾಗಿ ಪರೀಕ್ಷಿಸಿದರು.

"ವಿಚಿತ್ರ. ಈ ಫೈಲಿನಲ್ಲಿ ಮಾತ್ರ ಚಂದ್ರ ಒಂದು ದಿನ ತಡವಾಗಿ ಹುಟ್ಟಿದ್ದಾನೆ. ನಲವತ್ತರಲ್ಲೂ."

ಗೋಡೆಯ ಕ್ಯಾಲೆಂಡರ್ ಕಣ್ಣಮುಂದೆ ಬಂತು. ಕರಾವಳಿಯಲ್ಲಿ ಚಂದ್ರ ಕಂಡಮೇಲೆ ಖಾಝಿಗಳು ಹೇಳಿದ್ದು ನಮಗೆ ತಿಂಗಳ ಆರಂಭ. ಊರಿನ ಕ್ಯಾಲೆಂಡರ್ ಅಚ್ಚಾಗುವುದೂ ಅದೇ ಅಂದಾಜಿನಲ್ಲಿ, ಹೆಚ್ಚಾಗಿ ಸೌದಿಗಿಂತ ಒಂದು ದಿನ ಹಿಂದೆ. ಪ್ರತಿ ರಂಝಾನಿಗೆ ಮನೆಗೆ ಫೋನು ಮಾಡಿ "ನಮಗೆ ಇವತ್ತು, ನಿಮಗೆ ನಾಳೆ" ಎಂದು ನಗುವವನು ನಾನೇ. ಆದರೆ ಆ ಒಂದು ದಿನ ನನಗೆ ನೆನಪಾಗುವುದು ಹಬ್ಬಕ್ಕೆ ಮಾತ್ರ. ಉಳಿದ ತಿಂಗಳುಗಳಲ್ಲಿಯೂ ಆ ವ್ಯತ್ಯಾಸ ಗೋಡೆಯ ಮೇಲೆ ಇದ್ದೇ ಇರುತ್ತದೆ ಎಂಬುದು ಆ ಶುಕ್ರವಾರ ಹೊಳೆಯಲೇ ಇಲ್ಲ. ಚಹಾದ ಕಲೆ ಹಾಕಲು ನೆನಪಾದವನಿಗೆ ಚಂದ್ರ ಮರೆತುಹೋಗಿದ್ದ.

"ಇದನ್ನು ಬರೆದವರು ಇಲ್ಲಿ ಕುಳಿತು ಬರೆದಿಲ್ಲ" ಎಂದರು ಅವರು ಮೆಲ್ಲಗೆ. "ಎಲ್ಲವನ್ನೂ ಒಟ್ಟಿಗೆ, ಬೇರೆ ಯಾವುದೋ ಕ್ಯಾಲೆಂಡರ್ ನೋಡಿ ಬರೆದಿದ್ದಾರೆ. ಸಿಸ್ಟರ್ ಅವರನ್ನು ಕರೆಸಿ."

ಸಿಸ್ಟರ್ ಹುಡುಗಿಯರ ವಿಭಾಗದ ಬಾಗಿಲಿನಿಂದ ನಗುತ್ತಲೇ ಬಂದರು. ಫೈಲು ಅವರ ಎದುರು ಹೋಯಿತು. ಮೊದಲ ಪುಟ ನೋಡಿದಾಗ ಅವರ ನಗು ನಿಂತಿತು. ಎರಡನೆಯ ಪುಟಕ್ಕೆ ಬಂದಾಗ ಕಣ್ಣು ಒಂದು ಕ್ಷಣ ನನ್ನ ಕಡೆ ತಿರುಗಿತು. ನನ್ನ ಕೈಬರಹ ಅವರಿಗೆ ಗೊತ್ತು. ಬಸ್ಸಿನ ಚೀಟಿ, ರಜೆಯ ಚೀಟಿ, ಎಲ್ಲದರಲ್ಲೂ ನೋಡಿದವರು.

"ಇದು ನಿಮ್ಮ ಸೀಲು ತಾನೇ?" ಎಂದು ಅಧ್ಯಕ್ಷರು ಕೇಳಿದರು.

"ಸೀಲು ನನ್ನದೇ."

"ಬರಹ?"

ಅವರು ಫೈಲು ಮುಚ್ಚಿದರು. "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಹೇಳ್ತೇನೆ ಸರ್. ಅಷ್ಟು ಸಮಯ ಕೊಡಿ."

ಅಧ್ಯಕ್ಷರು ಒಪ್ಪಿದರು. ಆದರೆ ಒಂದು ಮಾತು ಹೇಳಿದರು. ಸುಳ್ಳು ದಾಖಲೆ ಎಂದು ಖಚಿತವಾದರೆ ಅದು ವರದಿಯಲ್ಲಿ ಬರುತ್ತದೆ, ಸೀಲಿನ ಮೇಲಿರುವ ಲೈಸೆನ್ಸ್ ನಂಬರಿನ ಸಮೇತ. ಆಮೇಲೆ ಏನು ಮಾಡುವುದೆಂದು ಲೈಸೆನ್ಸ್ ಕೊಟ್ಟವರು ನೋಡಿಕೊಳ್ಳುತ್ತಾರೆ.

ಸಂಜೆ ನಾಲ್ಕಕ್ಕೆ ಸಿಸ್ಟರ್ ಅವರ ಫೋನು ಬಂತು.

"ಬ್ಯಾರಿಗಳೇ, ಎಂತ ಮಾಡಿಟ್ಟಿದ್ದೀರಿ?"

ನಾನು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದೆ.

"ಬಾಯಿಗೆ ಎಂತ ಆಯ್ತು? ಬ್ಯಾಂಕು ಬಂದ್ ಆಯ್ತಾ?"

"ನಿಮಗೆ ಸಹಾಯ ಆಗಲಿ ಅಂತ..."

"ನನಗೆ ಸಹಾಯ! ನಾನು ಕೇಳಿದ್ದೇನಾ ನಿಮ್ಮ ಹತ್ರ? ಆ ಮಕ್ಕಳ ಹತ್ರ ನಾನು ಮಾತಾಡಿದ್ದು ಸತ್ಯ. ಸತ್ಯಕ್ಕೆ ನೀವು ಸುಳ್ಳು ಸಾಕ್ಷಿ ಹಾಕಿ ಅದನ್ನೇ ಸುಳ್ಳು ಮಾಡಿಬಿಟ್ರಿ. ಈಗ ನಾನು ಯಾವ ಬಾಯಲ್ಲಿ ಹೇಳುದು, ಫಾರಂ ಮಾತ್ರ ಸುಳ್ಳು, ಉಳಿದದ್ದು ನಿಜ ಅಂತ? ನಾನು ನಿಮ್ಮ ಹೆಸರು ಹೇಳುದಿಲ್ಲ. ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಹೇಳುದಿಲ್ಲ. ನೀವೇ ಹೇಳಬೇಕು. ಹತ್ತು ಗಂಟೆ ಒಳಗೆ."

"ಹೇಳದಿದ್ದರೆ?"

ಈ ಪ್ರಶ್ನೆ ನನ್ನ ಬಾಯಿಂದ ಬಂತು. ಬಂದದ್ದು ಹೌದು.

"ಹೇಳದಿದ್ರೆ ನಿಮ್ಮ ಇಕಾಮಾ ಉಳೀತದೆ, ನೀವು ಈ ದೇಶದಲ್ಲೇ ಇರಬಹುದು, ನನ್ನ ಲೈಸೆನ್ಸ್ ಹೋಗ್ತದೆ. ಬೇಕಾದದ್ದು ಆರಿಸಿಕೊಳ್ಳಿ" ಎಂದು ಫೋನಿಟ್ಟರು.

ಅದಾಗಿ ಹತ್ತು ನಿಮಿಷಕ್ಕೆ ದಕ್ತೂರ್ ಬಂದರು. ದನಿ ತಗ್ಗಿಸಿ ಹೇಳಿದರು. "ಹಾಜಿ, ಇದು ತಾರೀಕಿನ ಸಣ್ಣ ತಪ್ಪು. ನಕಲು ಮಾಡುವಾಗ ಆಯಿತು ಎಂದು ಸಿಸ್ಟರ್ ಹೇಳಲಿ. ಕಾಲೇಜು ಅವರನ್ನು ಕಾಪಾಡುತ್ತದೆ. ನೀವು ಸುಮ್ಮನಿರಿ."

ಪ್ರೊಫೆಸರಮ್ಮನ ಪುಟ್ಟ ದೇಶ ನೆನಪಾಯಿತು. ಒಳಗಿನವರು ಒಬ್ಬರನ್ನೊಬ್ಬರು ಕಾಪಾಡುತ್ತಾರೆ. ನಾವು ಇಲ್ಲಿ ಬೆರಳೆಣಿಕೆಯ ಜನ ಸೇರಿ ಅದಕ್ಕಿಂತ ಪುಟ್ಟ ದೇಶವೊಂದನ್ನು ಕಟ್ಟಿಕೊಂಡಿದ್ದೆವು. ಅದರಲ್ಲಿ ಕಾಪಾಡುವುದು ಎಂದರೆ ಇನ್ನೊಬ್ಬರ ತಲೆಯ ಮೇಲೆ ಭಾರ ಇಡುವುದು ಎಂದಾಗಿತ್ತು.

"ಇಲ್ಲ ದಕ್ತೂರ್. ನಾಳೆ ನಾನೇ ಹೇಳುತ್ತೇನೆ" ಎಂದುಬಿಟ್ಟೆ. ಹೇಳಿದ ಕೂಡಲೇ ಮೈಯಲ್ಲಿ ಏನೋ ಬಿಚ್ಚಿಕೊಂಡಿತು. ಭಯಕ್ಕೆ ಬದಲಾಗಿ ಒಂದು ಹುರುಪು. ಹೇಳುವುದು ಆಯಿತು, ಆದರೆ ಸಿಸ್ಟರ್ ನಿಜವಾಗಿ ಮಾತನಾಡಿದ್ದಕ್ಕೆ ಸಾಕ್ಷಿ ಎಲ್ಲಿ? ಹುಡುಗಿಯರನ್ನು ಅವರು ಕೂರಿಸಿಕೊಳ್ಳುತ್ತಿದ್ದುದು ತರಗತಿ ಮುಗಿದ ಮೇಲೆ, ಬಸ್ಸು ಹೊರಡುವ ಹೊತ್ತಿಗೆ...

ಬಸ್ಸು!

ನಾನು ನಿಂತಲ್ಲೇ ಹಣೆ ಬಡಿದುಕೊಂಡೆ. ಸಿಸ್ಟರ್ ಹುಡುಗಿಯರನ್ನು ನಿಲ್ಲಿಸಿಕೊಂಡಾಗಲೆಲ್ಲ ನನಗೆ ಫೋನು ಮಾಡುತ್ತಿದ್ದರು. "ಬ್ಯಾರಿಗಳೇ, ಹತ್ತು ನಿಮಿಷ ಬಸ್ಸು ನಿಲ್ಲಿಸಿ." ನಾನು ಗೇಟಿಗೆ ಫೋನು ಮಾಡುತ್ತಿದ್ದೆ. ಗೇಟಿನ ಯೆಮೆನಿ ಮುದುಕ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಬಸ್ಸು ತಡವಾದರೆ ಹುಡುಗಿಯರ ತಂದೆಯೋ ಅಣ್ಣನೋ ಫೋನು ಮಾಡಿ ಜಗಳ ತೆಗೆಯುತ್ತಾರೆ, ಆಗ ಉತ್ತರ ಕೊಡಲು ಅವನಿಗೆ ಆ ಪುಸ್ತಕ. ಎಷ್ಟು ಹೊತ್ತು, ಯಾರು ಹೇಳಿದ್ದು, ಹಿಂದೆ ನಿಂತ ಹುಡುಗಿಯರ ರೋಲ್ ನಂಬರು, ಎಲ್ಲ ಅದರಲ್ಲಿ ಇರುತ್ತಿತ್ತು. ಆ ಕರೆಗಳೆಲ್ಲ ನನ್ನ ಕಿವಿಯ ಮೂಲಕವೇ ಹೋದದ್ದು. ನಿಜದ ಸಾಕ್ಷಿ ಗೇಟಿನಲ್ಲಿ ಬಿದ್ದಿರುವಾಗ ನಾನು ಕಿಟಕಿಯ ಬಳಿ ಕುಳಿತು ಚಹಾದ ಕಲೆ ತಯಾರು ಮಾಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿದ್ದೆ. ಮುದುಕ ಆಗಷ್ಟೇ ಬೀಗ ತೆಗೆಯುತ್ತಿದ್ದ.

"ಪುಸ್ತಕವಾ? ಯಾವ ವರ್ಷದ್ದು?" ಎಂದ.

"ಇದೇ ವರ್ಷದ್ದು. ಉಂಟಾ ಇಲ್ಲವಾ ಬೇಗ ಹೇಳು, ಯಲ್ಲಾ!"

"ಕೂಗಬೇಡ ಹಾಜಿ. ಫುಲ್ಲಿನ ಪಾತ್ರೆ ಇಡಲು ಇಟ್ಟುಕೊಂಡಿದ್ದೇನೆ."

ನಿಜಕ್ಕೂ ಫುಲ್ ಎಂಬ ಅವರೆಯಂಥ ಕಾಳು ಬೇಯಿಸುವ ಪಾತ್ರೆಯ ಅಡಿಯಲ್ಲಿತ್ತು. ರಟ್ಟು ಸುಟ್ಟು ಕಪ್ಪಾಗಿತ್ತು, ಒಂದು ಮೂಲೆ ಎಣ್ಣೆ ಕುಡಿದಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಪುಟ ತಿರುವಿದೆ. ಇತ್ತು! ಬೇರೆ ಬೇರೆ ಪೆನ್ನಿನಲ್ಲಿ, ಸೊಟ್ಟ ಅರಬಿ ಅಕ್ಷರದಲ್ಲಿ. ಅರಬರಿಗೆ ಭಾರತದವರೆಲ್ಲ 'ಹಿಂದಿ'. 'ಹಿಂದಿ ಸಿಸ್ಟರ್, ಹತ್ತು ನಿಮಿಷ, ಇಬ್ಬರು ಹುಡುಗಿಯರು.' ಕೆಳಗೆ ಅವರ ನಂಬರು. 'ಹಿಂದಿ ಸಿಸ್ಟರ್, ಇಪ್ಪತ್ತೈದು ನಿಮಿಷ, ಒಬ್ಬಳು ಅಳುತ್ತಿದ್ದಳು.' ನಾನು ಅದನ್ನು ಎದೆಗೆ ಅವಚಿಕೊಂಡು ಆಫೀಸಿಗೆ ನಡೆದ ರೀತಿ ನೋಡಿ ಮುದುಕ ಹಿಂದಿನಿಂದ ಕೂಗಿದ. "ಪಾತ್ರೆಗೆ ಬೇರೆ ಏನಾದರೂ ತಂದುಕೊಡು!"

ಹತ್ತಕ್ಕೆ ಐದು ನಿಮಿಷ ಇರುವಾಗ ಕೋಣೆಯಲ್ಲಿ ಎಲ್ಲರೂ ಸೇರಿದರು. ತಂಡದ ಮೂವರು, ಡೀನ್, ದಕ್ತೂರ್, ಕೊನೆಯ ಕುರ್ಚಿಯಲ್ಲಿ ಸಿಸ್ಟರ್. ಅವರು ನನ್ನತ್ತ ನೋಡಲಿಲ್ಲ. ನಾನು ಮೇಜಿನ ಮೇಲೆ ಮೂರು ವಸ್ತು ಇಟ್ಟೆ. ಸೀಲು, ಸುರುಳಿ ಸುತ್ತಿದ ಮಂಗಳೂರಿನ ಕ್ಯಾಲೆಂಡರ್, ಬಸ್ಸಿನ ಪುಸ್ತಕ.

"ಫಾರಂ ಬರೆದದ್ದು ನಾನು. ಸಿಸ್ಟರ್ ರಜೆಯಲ್ಲಿದ್ದರು. ಅವರಿಗೆ ಗೊತ್ತಿಲ್ಲ. ಸೀಲು ಅವರದ್ದು, ಕೈ ನನ್ನದು" ಎಂದೆ. ಹರಕು ಮುರುಕು ಭಾಷೆಯಲ್ಲಿ ಹೇಳಿದರೂ ಅರ್ಥವಾಗದವರು ಯಾರೂ ಇರಲಿಲ್ಲ.

ಡೀನ್ ಕುರ್ಚಿಯಿಂದ ಅರ್ಧ ಎದ್ದರು. ಅಧ್ಯಕ್ಷರು ಕೈ ಸನ್ನೆಯಿಂದ ಕೂರಿಸಿದರು. "ಬರೆಯಲು ಯಾರು ಹೇಳಿದರು?"

ದಕ್ತೂರ್ ನೆಲದ ಕಾರ್ಪೆಟ್ ನೋಡುತ್ತಿದ್ದರು.

"ಯಾರೂ ಹೇಳಲಿಲ್ಲ. ಖಾಲಿ ಜಾಗ ನನಗೆ ಸಹಿಸಲಾಗಲಿಲ್ಲ."

ಪ್ರೊಫೆಸರಮ್ಮ ಕ್ಯಾಲೆಂಡರ್ ಬಿಚ್ಚಿ ತಮ್ಮ ಫೋನಿನ ಪಕ್ಕ ಹಿಡಿದರು. ಒಂದು ದಿನದ ಅಂತರ ಕಂಡು ತಲೆಯಾಡಿಸಿದರು. ಆಮೇಲೆ ಬಸ್ಸಿನ ಪುಸ್ತಕ ತೆರೆದರು. ಓದುತ್ತ ಓದುತ್ತ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಕ್ಕು ಅಧ್ಯಕ್ಷರಿಗೆ ತೋರಿಸಿದರು. ಅದರಲ್ಲಿ ಹೀಗಿತ್ತು: 'ಹದಿನೈದು ನಿಮಿಷ ತಡ. ಸಿಸ್ಟರ್ ಕಾರಣವಲ್ಲ. ಬೆಟ್ಟದ ಮಂಗಗಳು ಬಸ್ಸಿನ ಒಳಗೆ.'

"ಇಂಥದ್ದನ್ನು ಯಾರೂ ಕುಳಿತು ಕಟ್ಟಲಾರರು" ಎಂದರು. "ಹಾಜಿ, ಇದನ್ನು ಮೊದಲೇ ಯಾಕೆ ಇಡಲಿಲ್ಲ?"

"ಕೊಳಕಾಗಿತ್ತು ಮೇಡಂ. ಚಂದದ ಫೈಲುಗಳ ನಡುವೆ ಇಡುವಂಥದ್ದಲ್ಲ ಅಂದುಕೊಂಡೆ."

ಅವರು ಹಾಳೆ ಪೆನ್ನು ತೆಗೆದುಕೊಂಡು ಕುಳಿತರು. ಪುಸ್ತಕದ ನಂಬರುಗಳನ್ನು ಸಿಸ್ಟರ್ ಅವರ ಇಪ್ಪತ್ತು ಹುಡುಗಿಯರ ಪಟ್ಟಿಗೆ ಒಂದೊಂದಾಗಿ ಹೊಂದಿಸಿದರು. ನಾನು ಓದುವುದು, ಅವರು ಗುರುತು ಹಾಕುವುದು. ಗುರುತು ಬಿದ್ದಾಗಲೆಲ್ಲ ನನ್ನೊಳಗೆ ಪಟಾಕಿ ಹಾರಿದ ಹಾಗೆ. ಒಂಬತ್ತು, ಹನ್ನೆರಡು, ಹದಿನೈದು... ಹದಿನೇಳಕ್ಕೆ ನಿಂತಿತು.

"ಉಳಿದ ಮೂವರು?"

ಸಿಸ್ಟರ್ ಎದ್ದು ಬಂದು ಪಟ್ಟಿ ನೋಡಿದರು. "ಇವರಿಬ್ಬರ ಹತ್ರ ಆಸ್ಪತ್ರೆ ವಾರ್ಡಿನಲ್ಲೇ ಮಾತಾಡಿದ್ದೇನೆ. ಬೇಕಾದ್ರೆ ಕರೆಸಿ ಕೇಳಿ." ಮೂರನೆಯ ನಂಬರಿನ ಮೇಲೆ ಅವರ ಬೆರಳು ನಿಂತಿತು. "ಇವಳ ಹತ್ರ ನಾನು ಕೂತು ಮಾತಾಡಿಯೇ ಇಲ್ಲ. ಬಹಳ ಮೆತ್ತಗಿನ ಹುಡುಗಿ. ಈಗ ಒಂದು ತಿಂಗಳಿಂದ ತರಗತಿಗೆ ಬರ್ತಾ ಇಲ್ಲ."

ಪ್ರೊಫೆಸರಮ್ಮ ಫೈಲಿನಲ್ಲಿ ಆ ಹುಡುಗಿಯ ಎರಡೂ ಫಾರಂ ಹುಡುಕಿ ತೆಗೆದರು. ನನ್ನ ಅಕ್ಷರ. ನೀಲಿ ಪೆನ್ನು. 'ಪ್ರಗತಿ ಉತ್ತಮ, ಸಮಸ್ಯೆ ಇಲ್ಲ.'

ಸಿಸ್ಟರ್ ಆ ಫಾರಂಗಳನ್ನು ಕೈಯಲ್ಲಿ ಹಿಡಿದು ಮೊದಲ ಬಾರಿ ನನ್ನ ಕಡೆ ತಿರುಗಿದರು. ಕನ್ನಡದಲ್ಲೇ ಹೇಳಿದರು, ನನಗೆ ಮಾತ್ರ ತಿಳಿಯುವ ಹಾಗೆ.

"ಇದು ಖಾಲಿ ಇದ್ದಿದ್ರೆ ಬ್ಯಾರಿಗಳೇ, ಮೀಟಿಂಗಿನಲ್ಲಿ ಯಾರಾದ್ರೂ ನನ್ನನ್ನು ಕೇಳ್ತಿದ್ರು, ಇವಳದ್ದು ಎಂತ ಕತೆ ಅಂತ. ನಾನು ಅವತ್ತೇ ಅವಳನ್ನು ಕರೀತಿದ್ದೆ."

ನಲವತ್ತು ಸುಳ್ಳಿನಲ್ಲಿ ಮೂವತ್ತೆಂಟರ ಭಾರ ನನ್ನ ಹೆಸರಿನ ಮೇಲೆ ಮಾತ್ರ. ಈ ಎರಡರ ಭಾರ ಬೇರೆ. ಖಾಲಿ ಜಾಗವೂ ಒಂದು ಸುದ್ದಿ ಹೇಳುತ್ತದೆ, ಅದರ ಬಾಯಿಯನ್ನು ನಾನು ಮುಚ್ಚಿಸಿದ್ದೆ.

ಅಂದು ಮಧ್ಯಾಹ್ನ ಕೊನೆಯ ಸಭೆ. ಅಧ್ಯಕ್ಷರು ಎಲ್ಲರೆದುರು ತಂಡದ ಅಭಿಪ್ರಾಯ ಓದಿದರು. ಕಾಲೇಜಿನ ಮೆಚ್ಚತಕ್ಕ ಅಂಶಗಳಲ್ಲಿ ಮೊದಲನೆಯದು ವಿದ್ಯಾರ್ಥಿನಿಯರಿಗೆ ಸಿಗುತ್ತಿರುವ ಸಲಹೆ. ಹುಡುಗಿಯರ ಮಾತು ಮತ್ತು ಸಾರಿಗೆಯ ಪುಸ್ತಕ ಇದಕ್ಕೆ ಆಧಾರ. ಸುಧಾರಿಸಬೇಕಾದ ಅಂಶಗಳಲ್ಲಿ ಮೊದಲನೆಯದು ದಾಖಲೆಗಳ ಪ್ರಾಮಾಣಿಕತೆ. ಸಲಹೆ ಫಾರಂಗಳು ನಿಜವಾದವಲ್ಲ, ಅವನ್ನು ಸಿಸ್ಟರ್ ಬರೆದಿಲ್ಲ ಎಂದು ಸ್ಪಷ್ಟವಾಗಿ ಓದಿದರು. ಸಿಸ್ಟರ್ ಭುಜ ಸಡಿಲಿಸಿ ಉಸಿರು ಬಿಟ್ಟದ್ದು ನನಗೆ ಮೂರು ಸಾಲು ಹಿಂದಿನಿಂದ ಕಾಣಿಸಿತು. ಕಾಲೇಜಿಗೆ ಷರತ್ತಿನ ಮೇಲೆ ಮಾನ್ಯತೆ ಸಿಕ್ಕಿತು. ವರ್ಷದ ಒಳಗೆ ದಾಖಲೆ ಸರಿಪಡಿಸಿ ಮತ್ತೆ ತೋರಿಸಬೇಕು.

ಹೊರಡುವಾಗ ಪ್ರೊಫೆಸರಮ್ಮ ನನ್ನ ಮೇಜಿನ ಬಳಿ ನಿಂತರು. "ಹಾಜಿ, ನಿಮ್ಮ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಚಂದ್ರನೊಬ್ಬ ಇಲ್ಲದಿದ್ದರೆ ನಾನು ನಂಬಿಬಿಡುತ್ತಿದ್ದೆ" ಎಂದರು. ಹೊಗಳಿಕೆ ಎಂದು ತೆಗೆದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಡೀನ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನಿವೃತ್ತಿಗೆ ಒಂದೇ ವರ್ಷ ಇತ್ತು. ಪುರಾವೆ ಕೋಣೆಯ ಬೀಗದ ಕೈ ವಾಪಸು ಪಡೆದು, ಒಂದು ಎಚ್ಚರಿಕೆ ಪತ್ರ ಕೊಟ್ಟು, ಗೇಟಿನ ಸಾರಿಗೆ ಕೋಣೆಗೆ ಹಾಕಿದರು. ಬಸ್ಸಿನ ಪುಸ್ತಕ ಈಗ ನನ್ನ ಜವಾಬ್ದಾರಿ. ಯೆಮೆನಿ ಮುದುಕನಿಗೆ ಪಾತ್ರೆ ಇಡಲು ಒಂದು ಹಲಗೆ ತಂದುಕೊಟ್ಟೆ.

ಸಿಸ್ಟರ್ ಆ ಸಂಜೆಯೇ ಆ ಹುಡುಗಿಯ ಮನೆಗೆ ಫೋನು ಮಾಡಿದರಂತೆ. ಎರಡು ಬಾರಿ ಹೋಗಿಯೂ ಬಂದರಂತೆ. ಹುಡುಗಿ ಓದು ಬಿಡಲು ನಿರ್ಧರಿಸಿಯಾಗಿತ್ತು. ರಕ್ತ ಕಂಡರೆ ತಲೆ ಸುತ್ತುತ್ತಿತ್ತಂತೆ, ಯಾರಲ್ಲಿ ಹೇಳುವುದೆಂದು ತಿಳಿಯಲಿಲ್ಲವಂತೆ. ಅವಳು ಮರಳಿ ಬರಲಿಲ್ಲ. ಇದನ್ನು ನಾನು ಬೇರೆಯವರಿಂದ ಕೇಳಿದ್ದು, ಯಾಕೆಂದರೆ ಸಿಸ್ಟರ್ ನನ್ನ ಜೊತೆ ಮಾತು ಬಿಟ್ಟಿದ್ದರು. ಬಸ್ಸು ನಿಲ್ಲಿಸಬೇಕಾದಾಗ ಮಾತ್ರ ಗೇಟಿಗೆ ಕರೆ ಬರುತ್ತಿತ್ತು. "ಹತ್ತು ನಿಮಿಷ. ಬರೆದುಕೊಳ್ಳಿ." ಅಷ್ಟೇ, ಫೋನು ಇಟ್ಟುಬಿಡುವರು. ನಾನು ಗಂಟೆ ನೋಡಿ, ನಂಬರು ಕೇಳಿ, ಆಗಿಂದಾಗಲೇ ಬರೆಯುತ್ತಿದ್ದೆ. ತಿಂಗಳುಗಟ್ಟಲೆ ನಮ್ಮ ನಡುವೆ ಇದ್ದದ್ದು ಆ ಎರಡು ಮಾತು.

ರಂಝಾನ್ ಮುಗಿದು ಈದ್ ಹಬ್ಬದ ಬೆಳಿಗ್ಗೆ ನಮಾಜಿನಿಂದ ಬಂದು ಶೀರ್ ಖುರ್ಮಾ ಪಾಯಸಕ್ಕೆ ಹಾಲು ಕಾಯಿಸುತ್ತಿದ್ದೆ. ಫೋನು ಹೊಡೆದುಕೊಂಡಿತು. ಕಾಲೇಜಿಗೆ ರಜೆ, ಬಸ್ಸಿಲ್ಲ. ಆದರೂ ಫೋನಿನಲ್ಲಿ ಸಿಸ್ಟರ್ ಹೆಸರು.

"ಬ್ಯಾರಿಗಳೇ."

"ಹೇಳಿ ಸಿಸ್ಟರ್."

"ಅಲ್ಲ, ಈದ್ ಮುಬಾರಕ್ ನಿಮಗೆ ಇವತ್ತು ಹೇಳುದಾ, ನಿಮ್ಮ ಕ್ಯಾಲೆಂಡರ್ ನೋಡಿ ನಾಳೆ ಹೇಳುದಾ?"

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಆರಿಸಲೂ ಹೋಗಲಿಲ್ಲ.

"ಇವತ್ತೇ ಹೇಳಿ ಸಿಸ್ಟರ್."

"ಹಾಗಾದ್ರೆ ಈದ್ ಮುಬಾರಕ್. ಬರೆದುಕೊಳ್ಳಿ."

ಬರೆದುಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ, ಅಂದಿನ ದಿನದ ಚೌಕದಲ್ಲಿ, ಗಂಟೆ ನೋಡಿ.